ಮಾರ್ಕ್ಸ್ ನಮ್ಮ ಕೈಯಲ್ಲಿರುವಾಗ

(1/9)
ನನಗೆ ಡಿಎಂನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಸಂಬಳದ್ದಲ್ಲ ಮಾರಾಯ್ರೆ. ಇದು: "ಅಕ್ಕ, ನೀವು ಕ್ರಿಶ್ಚಿಯನ್ ಅಲ್ವಾ? ಮಸ್ಕತ್‌ನಲ್ಲಿ ಟೀಚರ್ ಆಗಿ ಇರ್ಲಿಕ್ಕೆ ಕಷ್ಟ ಆಗೋದಿಲ್ವಾ?"

ಕೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ನನ್ನ ಮೇಲೆ ಕನಿಕರ. ವಾಟ್ಸಾಪ್ ಫಾರ್ವರ್ಡ್ ಓದಿ ಓದಿ, ನಾನು ಸತ್ಯವೇದವನ್ನು ಹಾಸಿಗೆ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬದುಕ್ತಾ ಇದ್ದೇನೆ ಅಂತ ಅವರ ಲೆಕ್ಕ. ಇನ್ನೊಂದು ಪಂಗಡಕ್ಕೆ ನನ್ನಿಂದ ಸಾಕ್ಷಿ ಬೇಕು. "ಎಷ್ಟು ಮಕ್ಕಳಿಗೆ ಯೇಸುವಿನ ಬಗ್ಗೆ ಹೇಳಿದೆ?" ಅಂತ ಊರಿಗೆ ಬಂದಾಗಲೆಲ್ಲ ಕೇಳುವವರು ಇದ್ದಾರೆ, ನಮ್ಮ ಸಭೆಯಲ್ಲೇ.

ಇಬ್ಬರಿಗೂ ಇಷ್ಟು ವರ್ಷ ನಕ್ಕು ಸುಮ್ಮನಾಗಿದ್ದೆ. ಈ ಸಲ ಉತ್ತರ ಬರೀತೇನೆ. ಉದ್ದ ಉಂಟು, ಒಂಬತ್ತು ಪೋಸ್ಟ್. ಬಿ.ಎಡ್ ಬ್ಯಾಚ್‌ಮೇಟ್ಸ್, ನಿಮಗಾಗಿಯೇ ಬರೀತಾ ಇರೋದು. ನಿಮ್ಮಲ್ಲಿ ನಾಲ್ಕು ಜನ ಈಗ ಸರ್ಟಿಫಿಕೇಟ್ ಅಟೆಸ್ಟೇಷನ್‌ಗೆ ಓಡಾಡ್ತಾ ಇದ್ದೀರಿ ಅಂತ ಗೊತ್ತು.

ಹೊಸಬರಿಗೆ ಪರಿಚಯ: ನಾನು ಉಡುಪಿ ಕಡೆಯವಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ, ಈಗ ಸಿ.ಎಸ್.ಐ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಮಸ್ಕತ್‌ನ ಒಂದು ಭಾರತೀಯ ಶಾಲೆಯಲ್ಲಿ ಗಣಿತ ಟೀಚರ್, ಆರು ವರ್ಷ ಆಯ್ತು.

ಫೋಟೋದಲ್ಲಿ ಇರುವುದು ನನ್ನ ಟೇಬಲ್. ಕೆಂಪು ಪೆನ್ನು, ಉತ್ತರ ಪತ್ರಿಕೆಯ ಕಟ್ಟು, ತಣ್ಣಗಾದ ಚಾ. ನನ್ನ ನಂಬಿಕೆಗೆ ಕಷ್ಟ ಬಂದದ್ದು ಈ ಟೇಬಲ್‌ನಲ್ಲಿ. ಈ ದೇಶದ ಕಾನೂನಿನಿಂದ ಅಲ್ಲ. ಅದು ಹೇಗೆ ಅಂತ ಹೇಳ್ತೇನೆ.

(2/9)
ಮೊದಲು ಕನಿಕರದ ಪಂಗಡಕ್ಕೆ.

ಒಮಾನ್‌ನಲ್ಲಿ ಚರ್ಚ್ ಉಂಟು. ರುವಿ ಮತ್ತು ಘಾಲಾ ಎರಡೂ ಕಡೆ ಚರ್ಚಿನ ಕಾಂಪೌಂಡ್ ಇರುವುದು ಸುಲ್ತಾನ್ ಖಾಬೂಸ್ ಕೊಟ್ಟ ಜಾಗದಲ್ಲಿ. ಮಸ್ಕತ್‌ನಲ್ಲಿ ಶಿವನ ದೇವಸ್ಥಾನವೂ ಉಂಟು, ಕೃಷ್ಣನ ದೇವಸ್ಥಾನವೂ ಉಂಟು. ಫೋಟೋದಲ್ಲಿರುವುದು ರುವಿಯ ಕಾಂಪೌಂಡಿನ ಹೊರಗೆ ಶುಕ್ರವಾರ ನಿಲ್ಲುವ ಕಾರುಗಳ ಸಾಲು. ಮಲಯಾಳಂ, ತಮಿಳು, ಇಂಗ್ಲಿಷ್, ಅರೇಬಿಕ್, ಒಂದರ ಹಿಂದೆ ಒಂದು ಆರಾಧನೆ ನಡೀತಾ ಇರ್ತದೆ.

ಶುಕ್ರವಾರ ಯಾಕೆ ಅಂದರೆ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ವಾರದ ಮೊದಲ ಕೆಲಸದ ದಿನ. ಇದರಿಂದ ಒಂದು ತಮಾಷೆ ಆಗ್ತದೆ. ಶುಭ ಶುಕ್ರವಾರಕ್ಕೆ ಪ್ರತಿ ವರ್ಷ ತಪ್ಪದೆ ರಜೆ! ಈಸ್ಟರ್‌ಗೆ ಮಾತ್ರ ರಜೆ ಇಲ್ಲ. ಊರಲ್ಲಿ ಅಮ್ಮ ನಸುಕಿನ ಆರಾಧನೆ ಮುಗಿಸಿ ಕೋಳಿ ಸುಕ್ಕ ಮಾಡುವಾಗ ನಾನು ಅಸೆಂಬ್ಲಿಯಲ್ಲಿ ಮಕ್ಕಳ ಸಾಲು ಸರಿ ಮಾಡ್ತಾ ಇರ್ತೇನೆ. ಮೊದಲ ವರ್ಷ ಟಾಯ್ಲೆಟ್‌ಗೆ ಹೋಗಿ ಅತ್ತಿದ್ದೆ. ಎರಡನೇ ವರ್ಷ ಅಳು ಬರಲಿಲ್ಲ.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಸಾರ್ವಜನಿಕವಾಗಿ ತಿನ್ನುವ, ಕುಡಿಯುವ ಹಾಗಿಲ್ಲ. ಶಾಲೆಯ ಸಮಯ ಕಡಿಮೆ ಆಗ್ತದೆ. 2025ರಲ್ಲಿ ರಂಜಾನ್ ಶುರುವಾದದ್ದೂ, ನಮ್ಮ ಬೂದಿ ಬುಧವಾರ ಬಂದದ್ದೂ ಮಾರ್ಚ್ ಮೊದಲ ವಾರದಲ್ಲೇ. ಆ ವರ್ಷ ಸ್ಟಾಫ್‌ರೂಮ್‌ನಲ್ಲಿ ಪಕ್ಕದ ಕುರ್ಚಿಯ ಟೀಚರ್ ಕೇಳಿದರು, "ನಿಮ್ಮದೂ ಶುರುವಾಯ್ತಾ? ಎಷ್ಟು ದಿನ?" ನಲವತ್ತು ಅಂದೆ. "ಅಯ್ಯೋ, ನಮಗಿಂತ ಜಾಸ್ತಿ!" ಅಂದರು. ನಾವು ಬಿಡುವುದು ಬರೀ ಮೀನು ಮಾಂಸ, ನೀರು ಕುಡೀತೇವೆ ಅಂತ ಹೇಳಿದ ಮೇಲೆ ಅವರಿಗೆ ನಗು ತಡೆಯಲಿಲ್ಲ.

ಇದು ಹಿಂಸೆ ಅಲ್ಲ. ಬೇರೆಯವರ ಮನೆಯಲ್ಲಿ ಇರುವಾಗ ಆ ಮನೆಯ ಊಟದ ಹೊತ್ತಿಗೆ ಹೊಂದಿಕೊಳ್ಳುವುದು. ಹಾಗಾಗಿ ಕನಿಕರ ಬೇಡ. ಕನಿಕರ ಬೇಕಾದ ಜಾಗ ಬೇರೆ ಉಂಟು, ಬರ್ತೇನೆ.

(3/9)
ಈಗ ಸಾಕ್ಷಿ ಕೇಳುವ ಪಂಗಡಕ್ಕೆ.

ಇಲ್ಲಿ ನಾವು ನಮ್ಮ ಧರ್ಮ ಪಾಲಿಸಬಹುದು, ಸಾಮೂಹಿಕ ಆರಾಧನೆ ಗೊತ್ತು ಮಾಡಿದ ಜಾಗದಲ್ಲೇ ಆಗಬೇಕು, ಮತಪ್ರಚಾರ ಮಾಡುವ ಹಾಗಿಲ್ಲ. ಶಾಲೆಗೆ ಸೇರುವಾಗ ನನಗೂ ಹೇಳಿದ್ದರು, ತರಗತಿಯಲ್ಲಿ ಧರ್ಮದ ಮಾತು ಬೇಡ ಅಂತ. ಸಹಿ ಹಾಕಿದ್ದೆ. ಹಾಕುವಾಗ ಸ್ವಲ್ಪ ಚುಚ್ಚಿತ್ತು, ಸುಳ್ಳು ಹೇಳೋದಿಲ್ಲ. ಭಯಪಟ್ಟು ಬಾಯಿ ಮುಚ್ಚಿಕೊಂಡ ಹಾಗೆ ಅನಿಸಿತ್ತು.

ಎರಡನೇ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ಕೊಡ್ಲಿಕ್ಕೆ ಬಂದವಳು ನನ್ನ ಕುತ್ತಿಗೆಯ ಸಣ್ಣ ಶಿಲುಬೆ ನೋಡಿ ಕೇಳಿದಳು. "ಮಿಸ್, ನೀವು ಕ್ರಿಶ್ಚಿಯನ್ನಾ?" ಹೌದು ಅಂದೆ. "ನೀವು ಪ್ರಾರ್ಥನೆ ಮಾಡ್ತೀರಾ?" ಮಾಡ್ತೇನೆ ಅಂದೆ. ಅವಳು ಸ್ವಲ್ಪ ಯೋಚಿಸಿ, "ನನ್ನ ಯೂನಿಟ್ ಟೆಸ್ಟ್‌ಗೂ ಮಾಡ್ತೀರಾ?" ಅಂತ ಕೇಳಿದಳು. ನಾನು, "ನೀನು ಮೊದಲು ಘಾತಾಂಕದ ಲೆಕ್ಕ ಕಲಿ, ಆಮೇಲೆ ನೋಡುವ" ಅಂದೆ. ಇಬ್ಬರೂ ನಕ್ಕೆವು. ಅಲ್ಲಿಗೆ ಮುಗೀತು.

ಆವತ್ತು ಮನೆಗೆ ಹೋಗಿ ಯೋಚಿಸಿದೆ. ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ, ಅದು ಸರಿ. ಇನ್ನೂ ನಾಲ್ಕು ಮಾತು ಹೇಳಬಹುದಿತ್ತಾ? ಕಾನೂನು ಇಲ್ಲದೇ ಇದ್ದರೂ ಹೇಳಬಾರದಿತ್ತು ಅಂತ ನನಗೆ ಈಗ ಅನಿಸ್ತದೆ. ಕಾರಣ ಸರಳ. ಆ ಮಗುವಿನ ಮಾರ್ಕ್ಸ್ ನನ್ನ ಕೈಯಲ್ಲಿ ಉಂಟು. ನಾನು ಏನು ಹೇಳಿದರೂ ಅವಳು ತಲೆ ಆಡಿಸ್ತಾಳೆ. ಅವಳ "ಹೌದು ಮಿಸ್" ನನ್ನ ಮಾತು ಒಪ್ಪಿದ್ದಕ್ಕೆ ಬಂದದ್ದಾ, ಇಂಟರ್ನಲ್ ಮಾರ್ಕ್ಸ್‌ಗೆ ಹೆದರಿ ಬಂದದ್ದಾ, ನನಗೂ ಗೊತ್ತಾಗೋದಿಲ್ಲ, ಅವಳಿಗೂ ಗೊತ್ತಾಗೋದಿಲ್ಲ.

ಬೇಡ ಅನ್ನಲು ಆಗದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಇಡೀ ಸರಣಿ ಇದರ ಮೇಲೆಯೇ ನಿಂತಿರೋದು.

(4/9)
"ಹಾಗಾದರೆ ಮಿಷನರಿಗಳು?" ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ, ಅವರಿಂದಲೇ ನಾನು ಓದು ಬರಹ ಕಲಿತ ಮನೆತನದವಳು.

ಈ ಫೋಟೋ ಮಸ್ಕತ್‌ನ ಹಳೆ ಬಂದರಿನ ಹತ್ತಿರದ ಬೆಟ್ಟ. ಇದೇ ತೀರದಲ್ಲಿ, ಬೆಟ್ಟಗಳ ನಡುವಿನ ಒಂದು ಪುಟ್ಟ ಕಡಲ ಕೊಲ್ಲಿಯಲ್ಲಿ, ಥಾಮಸ್ ವಾಲ್ಪಿ ಫ್ರೆಂಚ್ ಅವರ ಸಮಾಧಿ ಉಂಟು. ಆಗ್ರಾದ ಸೇಂಟ್ ಜಾನ್ಸ್ ಕಾಲೇಜು ಕಟ್ಟಿದವರು, ಆಮೇಲೆ ಲಾಹೋರಿನ ಮೊದಲ ಬಿಷಪ್. ಆ ಹುದ್ದೆ ಬಿಟ್ಟು ಬೋಧಿಸಲಿಕ್ಕೆ ಅಂತ 1891ರಲ್ಲಿ ಮಸ್ಕತ್‌ಗೆ ಬಂದರು. ಕೆಲವೇ ತಿಂಗಳು. ಮೇ 14ಕ್ಕೆ ತೀರಿಕೊಂಡರು. ಐದು ವರ್ಷದ ನಂತರ, 1896ರಲ್ಲಿ, ಅಮೆರಿಕದ ಪೀಟರ್ ಝ್ವೇಮರ್ ಇದೇ ಊರಲ್ಲಿ ಒಂದು ಶಾಲೆ ತೆರೆದರು. ವಿದ್ಯಾರ್ಥಿಗಳು 18 ಹುಡುಗರು, ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನಿಂದ ಬಿಡಿಸಿ ತಂದ ಆಫ್ರಿಕಾದ ಮಕ್ಕಳು.

ಇಬ್ಬರೂ ಮತಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡುವುದು ಬೇಡ. ನಮ್ಮೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಕೂಡ ಅದಕ್ಕೇ ಬಂದದ್ದು. ಅಂದಿನ ಕಾಲ, ಅಂದಿನ ಧೈರ್ಯ, ಅಂದಿನ ತಪ್ಪು ಎಲ್ಲ ಸೇರಿದ ಕಥೆ ಅದು.

ಆದರೆ ಇವತ್ತು ಏನು ಉಳಿದಿದೆ ನೋಡಿ. ಮೋಗ್ಲಿಂಗ್ 1843ರಲ್ಲಿ ತಂದ 'ಮಂಗಳೂರು ಸಮಾಚಾರ' ಉಳಿಯಿತು, ಕನ್ನಡದ ಮೊದಲ ಪತ್ರಿಕೆ ಅಂತ. ಕಿಟೆಲ್ ಅವರ 1894ರ ನಿಘಂಟು ಉಳಿಯಿತು. ಆ ನಿಘಂಟು ತೆರೆಯುವ ಯಾರೂ, ಈ ಮನುಷ್ಯ ಎಷ್ಟು ಜನರನ್ನು ಸಭೆಗೆ ಸೇರಿಸಿದ ಅಂತ ಕೇಳೋದಿಲ್ಲ. ಪದದ ಅರ್ಥ ಸರಿ ಉಂಟಾ ಅಂತ ನೋಡ್ತಾರೆ. ಸರಿ ಇರ್ತದೆ. ಯಾಕಂದ್ರೆ ಮನುಷ್ಯ ಹತ್ತಾರು ವರ್ಷ ಕೂತು ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ.

ನನಗೆ ಬೇಕಾದ ಸಾಕ್ಷಿ ಅಂತಹದ್ದು. ಕೆಲಸ ಸರಿ ಉಂಟಾ?

ಈ ಪ್ರಶ್ನೆಯಲ್ಲೇ ನಾನು ಫೇಲ್ ಆದದ್ದು. ಮುಂದಿನ ಪೋಸ್ಟ್ ಓದಿ ಬೈಯಬೇಕಾದರೆ ಬೈಯಿರಿ.

(5/9)
ಟ್ಯೂಷನ್ ಕಥೆ.

ಒಂದು ರಿಯಾಲ್‌ಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ, ಹಾಗಾಗಿ ಊರಲ್ಲಿ ಎಲ್ಲರಿಗೂ ನಾನು ಶ್ರೀಮಂತೆ. ಇಲ್ಲಿ ಬಾಡಿಗೆ, ಟ್ಯಾಕ್ಸಿ, ತಂಗಿಯ ನರ್ಸಿಂಗ್ ಕೋರ್ಸಿನ ಸಾಲದ ಕಂತು ಕಳೆದರೆ ಉಳಿಯುವುದು ಅಷ್ಟರಲ್ಲೇ. ನಮ್ಮ ಮನೆ ಹಂಚಿನ ಮನೆ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. ಅವರು ಹಾಕಿಸಿದ ಮಾಡು ಈಗ ಜೂನ್ ಬಂದರೆ ನಾಲ್ಕು ಕಡೆ ಸೋರುತ್ತದೆ. ಪಕ್ಕಾಸು ಗೆದ್ದಲು ಹಿಡಿದಿದೆ. ಅದನ್ನು ಬಿಚ್ಚಿ ಹೊಸದಾಗಿ ಮಾಡಿಸುವುದು ಅಪ್ಪನ ಆಸೆ, ನನ್ನ ಮಾತು.

ಮೂರನೇ ವರ್ಷ ನನಗೆ ಹತ್ತನೇ ಕ್ಲಾಸ್ ಕೊಟ್ಟರು. ಕೊಟ್ಟ ವಾರವೇ ಫೋನ್ ಬರಲಿಕ್ಕೆ ಶುರು. "ಮ್ಯಾಮ್, ಮನೆಗೆ ಬಂದು ಹೇಳಿಕೊಡ್ತೀರಾ? ನೀವೇ ಕ್ಲಾಸ್ ಟೀಚರ್ ಅಲ್ವಾ?" ಟ್ಯೂಷನ್ ಮಾಡುವ ಹಾಗಿಲ್ಲ ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದಿತ್ತು. ಸೀನಿಯರ್ ಒಬ್ಬರು, "ಎಲ್ಲರೂ ಮಾಡ್ತಾರೆ, ಬೋರ್ಡ್ ಹಾಕಬೇಡ ಅಷ್ಟೇ" ಅಂದರು. ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಐದು ಮಕ್ಕಳು, ವಾರಕ್ಕೆ ಮೂರು ದಿನ, ಒಬ್ಬೊಬ್ಬರಿಂದ ತಿಂಗಳಿಗೆ 20 ರಿಯಾಲ್. ಐವರೂ ನನ್ನದೇ ತರಗತಿಯವರು.

ಶುರು ಮಾಡುವ ದಿನ ಪ್ರಾರ್ಥನೆ ಮಾಡಿದ್ದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿ ಆಗ್ತದೆ. "ಕರ್ತನೇ, ಈ ದಾರಿ ತೆರೆದದ್ದಕ್ಕೆ ಸ್ತೋತ್ರ" ಅಂದಿದ್ದೆ.

ಎಂಟು ತಿಂಗಳು ನಡೀತು. ಮಕ್ಕಳು ಚೆನ್ನಾಗಿ ಕಲಿತರು. ಅವರ ಅಮ್ಮಂದಿರು ಬಿರಿಯಾನಿ, ಖರ್ಜೂರ, ಓಣಂಗೆ ಪಾಯಸ ಕಳಿಸ್ತಿದ್ದರು. ನಾನು ಶುಕ್ರವಾರ ಚರ್ಚಿಗೆ ಹೋಗ್ತಾ ಇದ್ದೆ, ಕಾಣಿಕೆ ಹಾಕ್ತಾ ಇದ್ದೆ. ಎಲ್ಲ ಸರಿ ಉಂಟು ಅಂತಲೇ ಇತ್ತು.

ಆ ತಿಂಗಳುಗಳಲ್ಲಿ ಒಂದು ಬದಲಾವಣೆ ಆಗಿತ್ತು. ನನಗೇ ತಿಳಿಯದ ಹಾಗೆ. ಅದನ್ನು ನನಗೆ ತೋರಿಸಿದ್ದು ಒಬ್ಬ ಹುಡುಗ.

(6/9)
ಫೋಟೋದಲ್ಲಿರುವ ಚಿತ್ರ ನಾನೇ ಬಿಡಿಸಿದ್ದು. ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆಲ್ಲ ಈ ಲೆಕ್ಕ ಗೊತ್ತು. 75 ಮೀಟರ್ ಎತ್ತರದ ದೀಪಸ್ತಂಭ, ಕಡಲಿನಲ್ಲಿ ಎರಡು ಹಡಗು, ಮೇಲಿಂದ ನೋಡುವಾಗ ಒಂದು 30 ಡಿಗ್ರಿ, ಇನ್ನೊಂದು 45 ಡಿಗ್ರಿ ಕೆಳಗೆ. ಹಡಗುಗಳ ನಡುವೆ ಎಷ್ಟು ದೂರ?

ಲೆಕ್ಕ ಸುಲಭ. ಚಿತ್ರ ಕಷ್ಟ. ತುಂಬಾ ಮಕ್ಕಳು ಆ 30 ಡಿಗ್ರಿಯನ್ನು ಸ್ತಂಭಕ್ಕೆ ಅಂಟಿಸಿ ಗುರುತು ಹಾಕ್ತಾರೆ, ಅಲ್ಲಿಗೆ ಎಲ್ಲ ತಪ್ಪು. ಮೊದಲು ನೋಡುವವನ ಕಣ್ಣಿಂದ ಕಡಲಿಗೆ ಸಮಾಂತರವಾಗಿ ಒಂದು ಗೆರೆ ಎಳೀಬೇಕು. ಕೋನ ಆ ಗೆರೆಯಿಂದ ಕೆಳಗೆ. ಈ ಒಂದು ಗೆರೆ ಎಳೆದರೆ ಮುಂದಿನದ್ದು ತಾನಾಗಿ ಬರ್ತದೆ. ನಾನು ಕಾಪು ದೀಪಸ್ತಂಭ ನೋಡುತ್ತಾ ಬೆಳೆದವಳು. ಹಾಲ್‌ನಲ್ಲಿ ಆ ಐದು ಮಕ್ಕಳಿಗೆ ಅದರ ಮೇಲೆ ಹತ್ತಿದ ಕಥೆ ಹೇಳಿ, ಒಬ್ಬೊಬ್ಬರ ಕೈಯಲ್ಲೂ ಆ ಗೆರೆ ಎಳೆಸಿದ್ದೆ.

ಟೆಸ್ಟ್ ಆಯ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ 80ಕ್ಕೆ 24. ಅವನ ಅಪ್ಪನದ್ದು ಸಣ್ಣ ಟೈಲರ್ ಅಂಗಡಿ. ಪೇಪರ್ ಕೊಟ್ಟ ಮರುದಿನ ಅವನು ಸ್ಟಾಫ್‌ರೂಮ್ ಬಾಗಿಲಿಗೆ ಬಂದ. ಕೈಯಲ್ಲಿ ಗೆಳೆಯನ ನೋಟ್‌ಬುಕ್, ಅದು ನನ್ನ ಟ್ಯೂಷನ್‌ನ ನೋಟ್‌ಬುಕ್. ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದ:

"ಮಿಸ್, ಈ ಲೈನ್ ಕ್ಲಾಸಲ್ಲಿ ಹೇಳಿದ ದಿನ ನಾನು ಆಬ್ಸೆಂಟ್ ಇದ್ನಾ?"

ಅವನು ಆಬ್ಸೆಂಟ್ ಇರಲಿಲ್ಲ. ಆ ಪಾಠದ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಕ್ಲಾಸಲ್ಲಿ ಆ ಗೆರೆ ಹೇಳಿಯೇ ಇರಲಿಲ್ಲ. ಪೂರ್ತಿ ಚಿತ್ರ ಬೋರ್ಡ್ ಮೇಲೆ ಬಿಡಿಸಿ, ಲೆಕ್ಕ ಮಾಡಿ, ಸಿಲೆಬಸ್ ಮುಗಿಸಿದ್ದೆ. ಬೇಕೂ ಅಂತ ಅಡಗಿಸಿಟ್ಟದ್ದಲ್ಲ, ದೇವರಾಣೆ. ಸಂಜೆ ಹಾಲ್‌ನಲ್ಲಿ ಹೇಗೂ ಹೇಳ್ತೇನೆ ಅಂತ ಬೆಳಿಗ್ಗೆ ಕ್ಲಾಸಲ್ಲಿ ಕೈ ಹಗುರ ಮಾಡಿಕೊಂಡಿದ್ದೆ, ಅಷ್ಟೇ. ಆ "ಅಷ್ಟೇ" ಅನ್ನುವುದರಲ್ಲಿ ಅವನ 24 ಮಾರ್ಕ್ಸ್ ಇತ್ತು.

ಅವನಿಗೆ ನನ್ನ ಮೇಲೆ ಸಂಶಯ ಬರಲಿಲ್ಲ ನೋಡಿ. ತನ್ನ ಮೇಲೆ ಬಂತು.

(7/9)
ಏನು ಹೇಳಿದೆ ಅಂತ ಕೇಳ್ತೀರಿ. "ಇಲ್ಲ, ನೀನು ಇದ್ದೆ. ನಾನೇ ಹೇಳಿಲ್ಲ. ಕೂತ್ಕೋ" ಅಂದೆ. ಅವನಿಗೆ ಅಲ್ಲೇ ಹೇಳಿಕೊಟ್ಟೆ. ಹತ್ತು ನಿಮಿಷ ಸಾಕಾಯ್ತು.

ಆ ಶುಕ್ರವಾರ ಚರ್ಚಿನಲ್ಲಿ ಪಾಪ ಅರಿಕೆ ಮಾಡುವ ಹೊತ್ತಿಗೆ, ಯಾವತ್ತೂ ಬಾಯಿಪಾಠ ಒಪ್ಪಿಸ್ತಿದ್ದವಳು ಆವತ್ತು ಸುಮ್ಮನೆ ನಿಂತಿದ್ದೆ. ಹೇಳಬೇಕಾದದ್ದು ದೇವರಿಗಿಂತ ಮೊದಲು 34 ಮಕ್ಕಳ ಒಂದು ತರಗತಿಗೆ ಇತ್ತು.

ಆ ತಿಂಗಳ ಕೊನೆಗೆ ಟ್ಯೂಷನ್ ನಿಲ್ಲಿಸಿದೆ. ಐದು ಮನೆಗೂ ಫೋನ್ ಮಾಡಿದೆ. ಒಬ್ಬರು ಅಮ್ಮ, "ಮ್ಯಾಮ್, ಫೀಸ್ ಜಾಸ್ತಿ ಬೇಕಾ?" ಅಂತ ಕೇಳಿದರು. ಇನ್ನೊಬ್ಬರು ಸ್ವಲ್ಪ ಹೊತ್ತು ಮಾತಾಡದೆ ಇದ್ದು, ಮೆಲ್ಲಗೆ, "ಬಿಟ್ಟರೆ ಇಂಟರ್ನಲ್ಸ್‌ಗೆ ಏನೂ ತೊಂದರೆ ಆಗೋದಿಲ್ಲ ಅಲ್ವಾ?" ಅಂದರು. ಆ ಮಾತು ಕೇಳಿ ನನಗೆ ಮೂರನೇ ಪೋಸ್ಟಿನ ಹುಡುಗಿ ನೆನಪಾದಳು. ಎಂಟು ತಿಂಗಳು ಈ ತಾಯಿ ನನಗೆ ಖುಷಿಯಿಂದ ದುಡ್ಡು ಕೊಡ್ತಾ ಇದ್ದಾರೆ ಅಂದುಕೊಂಡಿದ್ದೆ. ಅವರಿಗೆ ಬೇಡ ಅನ್ನುವ ಧೈರ್ಯ ಇರಲಿಲ್ಲ. ಬೇಡ ಅನ್ನಲು ಆಗದವರ ಒಪ್ಪಿಗೆ.

ಧರ್ಮದ ಮಾತಲ್ಲಿ ನನ್ನನ್ನು ತಡೆಯಲಿಕ್ಕೆ ಕಾನೂನು ಗಟ್ಟಿಯಾಗಿ ನಿಂತಿತ್ತು. ದುಡ್ಡಿನ ಮಾತಲ್ಲಿ ಕಾಂಟ್ರಾಕ್ಟ್‌ನ ಒಂದು ಸಾಲು ಬಿಟ್ಟರೆ ತಡೆಯುವವರು ಯಾರೂ ಇರಲಿಲ್ಲ. ಕ್ರಿಶ್ಚಿಯನ್ ಅಂತ ನಾನು ಅಲ್ಲಿ ಕಾಣಿಸಬೇಕಿತ್ತು. ಕಾಣಿಸಲಿಲ್ಲ.

ಅಪ್ಪನಿಗೆ ಫೋನ್ ಮಾಡಿ, ಈ ವರ್ಷ ಮಾಡು ಆಗೋದಿಲ್ಲ ಅಂದೆ. ಕಾರಣ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಆಯ್ತು ಮಗಾ, ಟಾರ್ಪಾಲು ಹಾಕಿದರೆ ಒಂದು ಮಳೆಗಾಲ ಕಳೀತದೆ" ಅಂದರು. ಎರಡು ಮಳೆಗಾಲ ಕಳೀತು. ಫೋಟೋದಲ್ಲಿ ನೀಲಿ ಟಾರ್ಪಾಲು ಕಾಣ್ತದಲ್ಲ, ಅದೇ ನಮ್ಮ ಮನೆ.

ನಾನು ಹೀರೋಯಿನ್ ಅಲ್ಲ. ಎಂಟು ತಿಂಗಳ ದುಡ್ಡು ವಾಪಸ್ ಕೊಟ್ಟಿಲ್ಲ, ಖರ್ಚಾಗಿ ಹೋಗಿತ್ತು. ಆ ಹುಡುಗ ಪಾಸಾದ, ಆದರೆ ಗಣಿತ ಬಿಟ್ಟು ಕಾಮರ್ಸ್ ತಗೊಂಡ. ಅದು ಅವನ ಇಷ್ಟವಾ, ನನ್ನ ಉಡುಗೊರೆಯಾ, ಇವತ್ತಿಗೂ ಯೋಚಿಸ್ತೇನೆ.

(8/9)
ಈಗ ನಿಮ್ಮ ವಾದಗಳು. ಕಾಮೆಂಟ್‌ಗೆ ಮೊದಲೇ ಉತ್ತರಿಸ್ತೇನೆ.

"ಸಂಬಳ ಕಡಿಮೆ ಕೊಟ್ಟರೆ ಟೀಚರ್ ಏನು ಮಾಡಬೇಕು?" ಇದು ನಿಜವಾದ ವಾದ. ಸಂಬಳ ಕಡಿಮೆ ಇರುವುದು ಅನ್ಯಾಯ, ಅದನ್ನು ಕೇಳಬೇಕಾದದ್ದು ಆಡಳಿತದ ಹತ್ತಿರ. ಆಡಳಿತದ ಹತ್ತಿರ ಕೇಳಲಿಕ್ಕೆ ಧೈರ್ಯ ಇಲ್ಲದೆ ನಾನು ಮಕ್ಕಳ ಅಮ್ಮಂದಿರಿಂದ ವಸೂಲಿ ಮಾಡಿದೆ. ಅದರ ಹೆಸರು ಟ್ಯೂಷನ್.

"ಊರಲ್ಲಿ ಎಲ್ಲರೂ ಮಾಡೋದಿಲ್ವಾ?" ಮಾಡ್ತಾರೆ. ಆದರೆ ಬಿ.ಎಡ್‌ನಲ್ಲಿ ನಾವು ಬಾಯಿಪಾಠ ಮಾಡಿದ್ದು ನೆನಪಿಸಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್: ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನಮ್ಮ ಸಂವಿಧಾನದ 28ನೇ ವಿಧಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾವ ವಿದ್ಯಾರ್ಥಿಯನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಎರಡೂ 28. ಕಾಕತಾಳೀಯ ಇರಬಹುದು, ಆದರೆ ನನಗೆ ಈಗ ಎರಡೂ ಒಂದೇ ಮಾತು ಹೇಳಿದ ಹಾಗೆ ಕಾಣ್ತದೆ: ಮಗು ನಿನ್ನ ಕೈಕೆಳಗೆ ಉಂಟು, ಅದನ್ನು ಬೇರೆ ಯಾವುದಕ್ಕೂ ಬಳಸಬೇಡ.

"ಹಾಗಾದರೆ ನಂಬಿಕೆ ಬಗ್ಗೆ ಯಾವಾಗಲೂ ಬಾಯಿ ಮುಚ್ಚಿಕೊಂಡಿರಬೇಕಾ?" ಇಲ್ಲ. ಸ್ಟಾಫ್‌ರೂಮ್‌ನಲ್ಲಿ ನನ್ನ ಸಮಾನರ ಜೊತೆ ಮಾತಾಡ್ತೇನೆ, ಅವರು ಕೇಳಿದಾಗ. ಅವರು ನನಗೆ "ಸಾಕು ಮಾರಾಯ್ತಿ" ಅನ್ನಬಹುದು. ಹತ್ತನೇ ಕ್ಲಾಸಿನ ಹುಡುಗ ಅನ್ನಲಾರ. ವ್ಯತ್ಯಾಸ ಅಲ್ಲೇ ಇರುವುದು.

ಇನ್ನೊಂದು ಮಾತು, ಸ್ವಲ್ಪ ಖಾರ. ನಮ್ಮ ಕರಾವಳಿಯಲ್ಲಿ ನಮ್ಮದೇ ಆಡಳಿತದ ಶಾಲೆಗಳಲ್ಲಿ ಕೆಲಸ ಮಾಡುವ ಕ್ರಿಶ್ಚಿಯನ್ ಟೀಚರ್ ಗೆಳೆಯರೇ, ಈ ನಿಯಮ ನಿಮಗೂ ಉಂಟು. ಅಲ್ಲಿ ಪ್ರಿನ್ಸಿಪಾಲ್ ನಮ್ಮವರು, ಗೋಡೆಯ ಮೇಲಿನ ಚಿತ್ರ ನಮ್ಮದು. ಅಲ್ಲಿ ಹಿಂದೂ, ಮುಸ್ಲಿಂ ಮಗುವಿಗೆ ಬೇಡ ಅನ್ನುವುದು ಇನ್ನೂ ಕಷ್ಟ. ನಾನು ಇಲ್ಲಿ ಕಡಿಮೆ ಸಂಖ್ಯೆಯವಳಾಗಿ ಕಲಿತದ್ದನ್ನು, ನೀವು ಅಲ್ಲಿ ಅಧಿಕಾರ ಇರುವಾಗಲೇ ಕಲಿಯಬೇಕು. ಅದು ನನ್ನದಕ್ಕಿಂತ ಕಷ್ಟದ ಪಾಠ.

(9/9)
ಕೊನೆಯದ್ದು. ಈ ವರ್ಷ ಹೊರಡುವ ನಾಲ್ಕು ಜನರಿಗೆ.

ಹೊರಡುವಾಗ ಸಭೆಯಲ್ಲಿ ನಿಮ್ಮನ್ನು ಎದುರು ಕರೆದು ಪ್ರಾರ್ಥನೆ ಮಾಡ್ತಾರೆ. ಅಯ್ಯನವರು, "ಅನ್ಯ ದೇಶದಲ್ಲಿ ಬೆಳಕಾಗಿರು" ಅಂತಾರೆ. ನನಗೂ ಅಂದಿದ್ದರು. ಒಳ್ಳೆ ಮಾತು. ಆದರೆ ಬೆಳಕು ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳೋದಿಲ್ಲ, ಹಾಗಾಗಿ ನಾನು ಹೇಳ್ತೇನೆ.

ತಿಂಗಳಿಗೊಮ್ಮೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಿಂದಿನ ಬೆಂಚಿನ ಮಗುವಿಗೆ ಗೊತ್ತಿಲ್ಲದ್ದು ಮುಂದಿನ ಬೆಂಚಿನವರಿಗೆ ಗೊತ್ತಿದ್ದರೆ, ಅದಕ್ಕೆ ನಾನು ಕಾರಣವಾ? ಈ ಪೋಷಕರು ನನಗೆ ಕೊಡುವ ಉಡುಗೊರೆ, ದುಡ್ಡು, ಗೌರವ, ನನ್ನ ಕೈಯಲ್ಲಿ ಮಾರ್ಕ್ಸ್ ಇಲ್ಲದಿದ್ದರೂ ಕೊಡ್ತಿದ್ದರಾ? ನಾನು ತಪ್ಪು ಮಾಡಿದಾಗ ಮಗುವಿನ ಎದುರು ಒಪ್ಪಿಕೊಂಡದ್ದು ಕೊನೆಯ ಸಲ ಯಾವಾಗ?

ಇದಕ್ಕೆ ಚರ್ಚ್ ಹತ್ತಿರ ಇರಬೇಕು ಅಂತಿಲ್ಲ. ಭಾನುವಾರ ರಜೆ ಇರಬೇಕು ಅಂತಿಲ್ಲ. ಯಾವ ದೇಶದ ಕಾನೂನೂ ಇದಕ್ಕೆ ಅಡ್ಡ ಬರೋದಿಲ್ಲ. ಈ ಮೂರು ಪ್ರಶ್ನೆ ಕೇಳಿಕೊಳ್ಳಲಿಕ್ಕೆ ನೀವು ಕ್ರಿಶ್ಚಿಯನ್ ಆಗಿರಬೇಕು ಅಂತಲೂ ಇಲ್ಲ. ನನ್ನ ಪಕ್ಕದ ಕುರ್ಚಿಯ ಟೀಚರ್ ಒಂದೇ ಒಂದು ಟ್ಯೂಷನ್ ತಗೊಂಡವರಲ್ಲ, ಇಪ್ಪತ್ತು ವರ್ಷದಲ್ಲಿ. ಯಾಕೆ ಅಂತ ಕೇಳಿದಾಗ, "ಲೆಕ್ಕ ಕೊಡಬೇಕಲ್ಲ, ಒಂದು ದಿನ" ಅಂದರು. ನಮ್ಮಿಬ್ಬರ ದೇವರ ಹೆಸರು ಬೇರೆ. ಲೆಕ್ಕ ಕೊಡಬೇಕು ಅನ್ನುವುದು ಒಂದೇ.

ಈಗ ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ನಲವತ್ತು ನಿಮಿಷ ನನ್ನ ತರಗತಿ ತೆರೆದಿರ್ತದೆ. ಶಾಲೆಯ ಅನುಮತಿ ಉಂಟು, ಫೀಸ್ ಇಲ್ಲ, ಯಾರು ಬೇಕಾದರೂ ಬರಬಹುದು. ಒಮ್ಮೊಮ್ಮೆ ಹದಿನೈದು ಜನ, ಒಮ್ಮೊಮ್ಮೆ ಇಬ್ಬರು. ದೀಪಸ್ತಂಭದ ಲೆಕ್ಕ ಬಂದಾಗ ಬೋರ್ಡ್ ಮೇಲೆ ಮೊದಲು ಗೆರೆ ಎಳೀತೇನೆ, ಆಮೇಲೆ ಉಳಿದದ್ದು. ಬೆಳಗಿನ ಕ್ಲಾಸಲ್ಲೂ ಹಾಗೆಯೇ.

ಮಾಡಿನ ಕೆಲಸ ಕಳೆದ ಏಪ್ರಿಲ್‌ನಲ್ಲಿ ಆಯ್ತು. ಸ್ವಲ್ಪ ಉಳಿತಾಯ, ಸ್ವಲ್ಪ ಸೊಸೈಟಿ ಸಾಲ. ಹಳೆ ಹಂಚಿನಲ್ಲಿ ಒಡೆಯದೆ ಉಳಿದದ್ದನ್ನು ಅಪ್ಪ ಹಿತ್ತಿಲಲ್ಲಿ ಜೋಡಿಸಿಟ್ಟಿದ್ದಾರೆ, ಕೊಡಲಿಕ್ಕೆ ಮನಸ್ಸಿಲ್ಲ. ಕೊನೆಯ ಫೋಟೋ ಅದೇ.

ನಿಮ್ಮಲ್ಲಿ ಟ್ಯೂಷನ್ ಮಾಡುವವರು ಇದ್ದರೆ ಕೋಪ ಬಂದಿರಬಹುದು. ಬರಲಿ. ಕಾಮೆಂಟ್‌ನಲ್ಲಿ ಬರೀರಿ, ಡಿಲೀಟ್ ಮಾಡೋದಿಲ್ಲ. ಟೀಚರ್ ಆಗುವ ಗೆಳೆಯರಿಗೆ ಟ್ಯಾಗ್ ಮಾಡಿ. ಮತ್ತೆ, ಸ್ಕೂಲಲ್ಲಿ ಓದ್ತಾ ಇರುವ ತಮ್ಮ ತಂಗಿಯರೇ, ಒಂದು ಪಾಠ ಅರ್ಥ ಆಗದಿದ್ದರೆ ತಪ್ಪು ನಿಮ್ಮದೇ ಅಂತ ತಕ್ಷಣ ಅಂದುಕೊಳ್ಳಬೇಡಿ. ಆ ದಿನ ನೀವು ಆಬ್ಸೆಂಟ್ ಇರಲಿಲ್ಲದೆ ಇರಬಹುದು. ಹೋಗಿ ಕೇಳಿ.

#ಮಸ್ಕತ್‌ದಿನಗಳು #ಟೀಚರ್‌ಬದುಕು #ಬಿಎಡ್‌ಬ್ಯಾಚ್ #ಉಡುಪಿಹುಡುಗಿ